ದೀಪ ಹಿಡಿದ ಹೆಣ್ಣು ಯಾರ ಚಿತ್ರ?



ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಗಾಗಿ ಒಂದು ರಸಪ್ರಶ್ನೆ ಸ್ಪರ್ಧೆ ಇಟ್ಟಿದ್ದೆವು. ಪ್ರಶ್ನೆ ಕೇಳುವ ಹೊಣೆ ನನ್ನದು. “ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರವನ್ನು ಬರೆದವರು ಯಾರು?” ಎಂದು ಕೇಳಿದೆ. ಉಳ್ಳೂರಿನ ಕಡೆಯಿಂದ ಬಂದಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಹಳದಣಕರ್” ಎಂದಳು. ನಾನು ನಕ್ಕೆ. ಸಭೆಯೂ ನಕ್ಕಿತು. “ತಪ್ಪು, ರಾಜಾ ರವಿವರ್ಮ” ಎಂದು ಹೇಳಿ ಅವಳ ತಂಡಕ್ಕೆ ಸೊನ್ನೆ ಹಾಕಿದೆ. ಆಕೆ ಮರುಮಾತಾಡದೆ ಕೂತಳು.

ಉತ್ತರ ಅವಳದೇ ಸರಿ. ಆ ಚಿತ್ರ ಬರೆದವರು ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಎಸ್. ಎಲ್. ಹಳದಣಕರ್. ಜಲವರ್ಣದಲ್ಲಿ ಬರೆದ ಚಿತ್ರ; ಕಾಲ 1940ರ ದಶಕದ ನಡುಭಾಗ. ರವಿವರ್ಮ ತೀರಿಕೊಂಡದ್ದು 1906ರಲ್ಲಿ! ಸತ್ತು ನಲವತ್ತು ವರ್ಷವಾದ ಮೇಲೆ ಯಾರಾದರೂ ಚಿತ್ರ ಬರೆಯುತ್ತಾರೆಯೇ? ದೀಪ ಹಿಡಿದು ನಿಂತವರು ಕಲಾವಿದರ ಸ್ವಂತ ಮಗಳು. ಅವರು ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಅಷ್ಟು ದೀರ್ಘ ಬದುಕಿನಲ್ಲಿ ತಮ್ಮ ತಂದೆಯ ಚಿತ್ರಕ್ಕೆ ಬೇರೆಯವರ ಹೆಸರು ಅಂಟಿದ್ದನ್ನು ಅವರು ಎಷ್ಟು ಸಲ ಕೇಳಿರಬೇಕು ಎಂದು ಯೋಚಿಸಿದಾಗ ನನಗೆ ನಾಚಿಕೆಯಾಗುತ್ತದೆ. ಅಂಟಿಸಿದವರಲ್ಲಿ ನಾನೂ ಒಬ್ಬ.

ನಾನೇಕೆ ಹಾಗೆ ಹೇಳಿದೆ? ಯಾವ ಪುಸ್ತಕವನ್ನೂ ನೋಡಿ ಹೇಳಿದ್ದಲ್ಲ. ಎಣ್ಣೆಬಣ್ಣದ ಹೊಳಪು, ಸೀರೆಯುಟ್ಟ ಚೆಲುವೆ, ಅರಮನೆಯ ಗೋಡೆ – ಇಷ್ಟಿದ್ದರೆ ರವಿವರ್ಮ ಎಂದೇ ಮನಸ್ಸಿನಲ್ಲಿ ಕೂತಿತ್ತು. ದೊಡ್ಡ ಹೆಸರು ಆಲದ ಮರವಿದ್ದಂತೆ. ಅದರ ಕೆಳಗೆ ಏನು ಬೆಳೆದರೂ ಆಲದ್ದೇ ಎಂದುಕೊಳ್ಳುತ್ತೇವೆ. (ಅದು ಜಲವರ್ಣ ಎಂಬುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ನೋಡಿ!)

ಉಳ್ಳೂರಿನಲ್ಲಿ ಬೆಳೆದ ನಿಮಗೆ ಹೆಸರಿನ ಮಹಿಮೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಊರಿನ ಹೆಸರೇ ಒಬ್ಬ ಮಹಾಕವಿಯ ಹೆಸರಾಗಿರುವ ಜಾಗ ನಿಮ್ಮದು. ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್ (1877–1949) ಬರೆದ ಪದ್ಯಗಳನ್ನು ನೀವು ಮಲಯಾಳಂ ಪಠ್ಯದಲ್ಲಿ ಬಾಯಿಪಾಠ ಮಾಡಿರುತ್ತೀರಿ. ಆದರೆ ಅವರು ಕೇರಳದ ಸಾಹಿತ್ಯ ಚರಿತ್ರೆಯನ್ನೂ ಬರೆದಿಟ್ಟರು. ಅದು ಐದು ಸಂಪುಟಗಳಲ್ಲಿ ಅವರು ಕಣ್ಮುಚ್ಚಿದ ಮೇಲೆ ಪ್ರಕಟವಾಯಿತು. ಪ್ರಸಿದ್ಧರ ಜೊತೆಗೆ ಯಾರೂ ಓದದ, ಯಾರೂ ನೆನೆಯದ ಎಷ್ಟೋ ಕವಿಗಳ ಹೆಸರು ಅಲ್ಲಿವೆ. ಸ್ವತಃ ಮಹಾಕವಿಯಾದವರು ಮರೆತುಹೋದವರ ಲೆಕ್ಕ ಬರೆಯುತ್ತ ಕೂತರು. ಆ ಊರಿನ ಮಕ್ಕಳಿಗೆ ಇಂದು ಮರೆತುಹೋದ ಚಿತ್ರಗಾರರ ಮಾತು ಹೇಳುತ್ತಿದ್ದೇನೆ.

ಮೊದಲು ಹತ್ತಿರದಿಂದಲೇ ಹೊರಡೋಣ. ಉಳ್ಳೂರಿನಿಂದ ಬಸ್ಸು ಹತ್ತಿದರೆ ಕೇಶವದಾಸಪುರ, ಪಟ್ಟಂ ದಾಟಿ ಮ್ಯೂಸಿಯಂ ಆವರಣ. ನೀವೆಲ್ಲ ಚಿಕ್ಕಂದಿನಲ್ಲಿ ಮೃಗಾಲಯ ನೋಡಲು ಹೋಗಿದ್ದೀರಿ. ಹುಲಿ, ಜಿರಾಫೆ ನೋಡಿ, ಐಸ್‌ಕ್ರೀಮ್ ತಿಂದು ವಾಪಸು. ಅದೇ ಆವರಣದಲ್ಲಿ 1935ರಲ್ಲಿ ತೆರೆದ ಶ್ರೀ ಚಿತ್ರಾ ಕಲಾಶಾಲೆ ಇದೆ; 2023ರಲ್ಲಿ ತೆರೆದ ರಾಜಾ ರವಿವರ್ಮ ಕಲಾಶಾಲೆಯೂ ಇದೆ. ಒಳಗೆ ಹೋದವರು ರವಿವರ್ಮನ ಮುಂದೆ ನಿಲ್ಲುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲಿ ಸಿ. ರಾಜರಾಜವರ್ಮ ಎಂಬ ಹೆಸರಿದ್ದರೆ, “ಓಹೋ, ಇದೂ ಅವರದೇ” ಎಂದು ಮುಂದೆ ನಡೆಯುತ್ತಾರೆ.

ಅವರದಲ್ಲ, ತಮ್ಮನದು. ರವಿವರ್ಮ ಹುಟ್ಟಿದ್ದು 1848ರಲ್ಲಿ, ರಾಜರಾಜವರ್ಮ 1860ರಲ್ಲಿ. ಇಬ್ಬರೂ ಕಿಳಿಮಾನೂರಿನವರು, ಕೇಶವದಾಸಪುರದಿಂದ ಎಂ.ಸಿ. ರಸ್ತೆ ಹಿಡಿದರೆ ಸಿಗುವ ಊರು. ಅಣ್ಣನ ಜೊತೆ ದೇಶವೆಲ್ಲ ತಿರುಗಿದ್ದು, ಪತ್ರವ್ಯವಹಾರ ನೋಡಿಕೊಂಡದ್ದು, ಅಣ್ಣನ ಎಷ್ಟೋ ಚಿತ್ರಗಳಲ್ಲಿ ಹಿಂದಿನ ಬೆಟ್ಟ, ನೀರು, ಮರಗಿಡಗಳನ್ನು ತುಂಬಿದ್ದು ಈ ತಮ್ಮ. ಸ್ವತಃ ನಿಸರ್ಗಚಿತ್ರದಲ್ಲಿ ಕೈ ಪಳಗಿದವರು. ಇಂಗ್ಲಿಷಿನಲ್ಲಿ ಒಂದು ದಿನಚರಿ ಬರೆಯುತ್ತಿದ್ದರು. ರವಿವರ್ಮನ ಓಡಾಟದ, ಕೆಲಸದ, ಮುದ್ರಣಾಲಯದ ತಾಪತ್ರಯಗಳ ವಿವರ ನಮಗೆ ತಿಳಿದಿರುವುದು ಬಹುಪಾಲು ಆ ದಿನಚರಿಯಿಂದಲೇ. 1905ರ ಜನವರಿಯಲ್ಲಿ ತಮ್ಮ ತೀರಿಕೊಂಡರು. ಮರುವರ್ಷ ಅಣ್ಣನೂ ಹೋದರು. ದಿನಚರಿ ಪುಸ್ತಕವಾಗಿ ಹೊರಬಂದದ್ದು 2005ರಲ್ಲಿ, ನೂರು ವರ್ಷ ಕಳೆದ ಮೇಲೆ! ಆ ಪುಸ್ತಕದ ಹೊದಿಕೆಯ ಮೇಲೂ ಮೊದಲು ಬರುವುದು ಅಣ್ಣನ ಹೆಸರೇ.

ಇವರ ತಂಗಿ ಮಂಗಳಾಬಾಯಿ ತಂಬುರಾಟ್ಟಿಯೂ ಚಿತ್ರ ಬರೆದವರು. ಅಣ್ಣ ರವಿವರ್ಮನ ಭಾವಚಿತ್ರವನ್ನು ಅವರು ಬರೆದಿದ್ದಾರೆ. ಆ ಕಾಲದ ಮನೆತನದ ಹೆಣ್ಣುಮಗಳಿಗೆ ಬಣ್ಣದ ಪೆಟ್ಟಿಗೆ ಹಿಡಿದು ಮುಂಬಯಿ, ಬರೋಡಾ ಎಂದು ಸುತ್ತಲು ಸಾಧ್ಯವಿತ್ತೇ? ಅಣ್ಣಂದಿರು ಊರೂರು ತಿರುಗಿದಾಗ ಅವರು ಮನೆಯಲ್ಲಿಯೇ ಬರೆದರು. ಮುಂದಿನ ಸಲ ಹೋದಾಗ ಆ ಭಾವಚಿತ್ರವನ್ನು ಹುಡುಕಿ ನೋಡಿ. ಜಗತ್ತು ಕಂಡ ರವಿವರ್ಮನಲ್ಲ. ತಂಗಿ ಕಂಡ ಅಣ್ಣ.

ಒಂದೇ ಮನೆಯಲ್ಲಿ ಮೂವರು. ಒಬ್ಬರ ಹೆಸರು ಮಾತ್ರ ಮನೆಮಾತಾಯಿತು. ಪ್ರತಿಭೆಯ ವ್ಯತ್ಯಾಸ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಇನ್ನೊಂದು ಕಾರಣ ಕಣ್ಣಿಗೆ ಕಾಣುವಂಥದ್ದು: ಅಚ್ಚಿನ ಯಂತ್ರ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಸರಸ್ವತಿ, ಲಕ್ಷ್ಮಿಯರ ಬಣ್ಣದ ಅಚ್ಚುಗಳು ಗುಡಿಸಲಿನ ದೇವರ ಗೂಡಿಗೂ ಹೋದವು. ನಿಮ್ಮ ಅಜ್ಜಿಯ ಮನೆಯ ದೇವರಕೋಣೆಯಲ್ಲಿ ಕಟ್ಟುಹಾಕಿಸಿದ ಸರಸ್ವತಿ ಇದ್ದರೆ, ಅವಳ ಸೀರೆಯ ನೆರಿಗೆ ನೋಡಿ. ಮೂಲ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಅಚ್ಚಾದದ್ದು ಉಳಿಯಿತು. ಅಚ್ಚಾಗದ್ದು ಗೋಡೆಯ ಮೇಲೆಯೇ ನಿಂತಿತು.

ರವಿವರ್ಮನಿಗೂ ನಮ್ಮ ಕನ್ನಡನಾಡಿಗೂ ನಂಟು ಹಳೆಯದು. 1870ರಲ್ಲಿ, ಇನ್ನೂ ಇಪ್ಪತ್ತೆರಡರ ತರುಣ, ಕೊಲ್ಲೂರಿನ ಮೂಕಾಂಬಿಕೆಯ ದರ್ಶನಕ್ಕೆ ಹೋಗಿ ಬಂದ ಮೇಲೆಯೇ ಅವರು ಚಿತ್ರಕಲೆಯನ್ನು ವೃತ್ತಿಯಾಗಿ ಹಿಡಿದರೆಂದು ಅವರ ಜೀವನಕಥೆ ಹೇಳುತ್ತದೆ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಚಿತ್ರಗಳನ್ನು ಬರೆದುಕೊಟ್ಟರು. ಆ ದೊರೆಯ ಕಣ್ಣಿಗೆ ಬಿದ್ದ ಇನ್ನೊಬ್ಬ ಹುಡುಗನ ಕಥೆಯನ್ನೇ ನಾನು ಮುಖ್ಯವಾಗಿ ನಿಮಗೆ ಹೇಳಬೇಕೆಂದಿರುವುದು.

ಆತನ ಹೆಸರು ಕೆ. ವೆಂಕಟಪ್ಪ. ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಚಿತ್ರಗಾರ ಮನೆತನದಲ್ಲಿ. ಚಿನ್ನದ ರೇಕು ಅಂಟಿಸುವುದು, ಕೂದಲೆಳೆಯ ಕುಂಚ ಹಿಡಿಯುವುದು ಅವರಿಗೆ ಮನೆಯ ಪಾಠ. ನಾಲ್ವಡಿಯವರು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಗುರು ಅವನೀಂದ್ರನಾಥ ಠಾಕೂರರು. ಜೊತೆಯ ಶಿಷ್ಯರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್. ಸೋದರಿ ನಿವೇದಿತಾ ಆರಂಭಿಸಿ, ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಮುಗಿಸಿದ, 1913ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಪುಸ್ತಕದಲ್ಲಿ ಗುರುವಿನ ಚಿತ್ರಗಳ ಪಕ್ಕದಲ್ಲಿಯೇ ಈ ಮೈಸೂರಿನ ಯುವಕನ ಚಿತ್ರಗಳೂ ಇವೆ. ಇದರಲ್ಲೊಂದು ತಮಾಷೆ ಇದೆ. ನಿವೇದಿತಾ, ಕುಮಾರಸ್ವಾಮಿ ಇಬ್ಬರಿಗೂ ರವಿವರ್ಮನ ಶೈಲಿ ಹಿಡಿಸುತ್ತಿರಲಿಲ್ಲ; ಅದು ಯುರೋಪಿನ ಅನುಕರಣೆ ಎಂಬುದು ಅವರ ವಾದ. ಒಬ್ಬನೇ ದೊರೆ ಎರಡೂ ಬಣಗಳನ್ನು ಪೋಷಿಸಿದ!

ಮೈಸೂರಿಗೆ ಮರಳಿದ ವೆಂಕಟಪ್ಪ ಯಾವ ಬಣದವರೂ ಆಗಿ ಉಳಿಯಲಿಲ್ಲ. ಬಂಗಾಳದ ಮಂಜುಮಂಜಿನ ಬಣ್ಣ ಬಿಟ್ಟು, ಕಂಡದ್ದನ್ನು ಕಂಡಂತೆ, ಆದರೆ ಧ್ಯಾನದಲ್ಲಿ ಕಂಡಂತೆ ಬರೆಯಹೊರಟರು. 1926ರ ಸುಮಾರಿಗೆ ಊಟಿಯಲ್ಲಿ, ಆಮೇಲೆ ಕೊಡೈಕನಾಲಿನಲ್ಲಿ ಬರೆದ ಅವರ ಜಲವರ್ಣಗಳನ್ನು ನೋಡಬೇಕು. ಊಟಿಯ ಚಿತ್ರವೆಂದರೆ ಹಸಿರು ಬಳಿದು, ಒಂದು ಮನೆ ಇಟ್ಟು, ಮೋಡ ತೇಲಿಸುವುದಲ್ಲವೇ? ವೆಂಕಟಪ್ಪನ ಊಟಿಯಲ್ಲಿ ಗಂಟೆ ತಿಳಿಯುತ್ತದೆ. ಬೆಳಗಿನ ಮಂಜು ಬೇರೆ, ಮಳೆ ಬಿಟ್ಟ ಮೇಲಿನ ಹೊಗೆ ಬೇರೆ, ಬೆಳದಿಂಗಳ ಮಸುಕು ಬೇರೆ. ನಾನು ಮೊದಲ ಸಲ ಬೆಂಗಳೂರಿನಲ್ಲಿ ಅವನ್ನು ನೋಡಿದಾಗ ಆಶ್ಚರ್ಯಪಟ್ಟದ್ದು ಅವುಗಳ ಗಾತ್ರಕ್ಕೆ. ಗೋಡೆ ತುಂಬುವ ಚಿತ್ರಗಳಲ್ಲ. ಹತ್ತಿರ ಹೋಗಿ, ಉಸಿರು ಹಿಡಿದು ನೋಡುವಂಥವು. ಇವುಗಳಲ್ಲದೆ ದಂತದ ಮೇಲೆ ಬರೆದ ಸೂಕ್ಷ್ಮ ಚಿತ್ರಗಳಿವೆ. ಶಕುಂತಲೆಯ ಅಗಲಿಕೆ, ಶಿವನ ತಾಂಡವದಂಥ ಗಾರೆಯ ಉಬ್ಬುಶಿಲ್ಪಗಳಿವೆ.

ಈ ಮನುಷ್ಯನಿಗೆ ಇನ್ನೊಂದು ಹುಚ್ಚೂ ಇತ್ತು: ವೀಣೆ. ವೀಣೆ ಶೇಷಣ್ಣನವರ ಬಳಿ ಕಲಿತರು, ವರ್ಷಗಟ್ಟಲೆ ಸಾಧನೆ ಮಾಡಿದರು. ವೀಣೆಯ ಹುಚ್ಚು ಎಂಬ ಅರ್ಥದ ಹೆಸರಿಟ್ಟು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡ ಚಿತ್ರವೊಂದನ್ನೂ ಬರೆದರು. ಮದುವೆಯಾಗಲಿಲ್ಲ. ಶಿಸ್ತಿನ, ಮುಂಗೋಪದ, ರಾಜಿಯಿಲ್ಲದ ಆಸಾಮಿ. ಚಿತ್ರವನ್ನು ಮಾರಿ ಹಣ ಮಾಡಬೇಕೆಂಬ ಮನಸ್ಸೇ ಇರಲಿಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡಾಗ ಅರಮನೆಯ ಆಸರೆಯ ಕಾಲವೂ ಮುಗಿಯಿತು. ಬೆಂಗಳೂರಿನಲ್ಲಿ ಒಂಟಿಯಾಗಿ ಬಾಳಿ 1965ರಲ್ಲಿ ಕಣ್ಮುಚ್ಚಿದರು.

ಅವರನ್ನು ಮರೆತದ್ದು ನಾವೇ, ಸರಿ. ಆದರೆ ಸ್ವಲ್ಪ ಪಾಲು ಅವರದೂ ಇದೆ ಎಂದು ನನ್ನ ಅನಿಸಿಕೆ. ರವಿವರ್ಮ ಅಚ್ಚುಹಾಕಿ ಹಂಚಿದರು, ವೆಂಕಟಪ್ಪ ಕಾಪಿಟ್ಟುಕೊಂಡರು. ನಂದಲಾಲ್ ಬೋಸರಿಗೆ ಶಾಂತಿನಿಕೇತನವಿತ್ತು, ತಲೆಮಾರಿನ ಶಿಷ್ಯರಿದ್ದರು. ವೆಂಕಟಪ್ಪನಿಗೆ ಅಂಥ ಶಿಷ್ಯಪರಂಪರೆ ಇರಲಿಲ್ಲ. ಭಾರತ ಸರ್ಕಾರ 1970ರ ದಶಕದಲ್ಲಿ ಒಂಬತ್ತು ಕಲಾವಿದರ ಕೃತಿಗಳನ್ನು ದೇಶದ ಕಲಾನಿಧಿ ಎಂದು ಘೋಷಿಸಿತು. ಪಟ್ಟಿಯಲ್ಲಿ ರವಿವರ್ಮ ಇದ್ದಾರೆ, ಗುರು ಅವನೀಂದ್ರನಾಥರಿದ್ದಾರೆ, ಸಹಪಾಠಿ ನಂದಲಾಲರಿದ್ದಾರೆ. ವೆಂಕಟಪ್ಪ ಇಲ್ಲ. ಒಂಬತ್ತರಲ್ಲಿ ಒಬ್ಬ ಕನ್ನಡಿಗನೂ ಇಲ್ಲ.

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರ್ಬಾ ರಸ್ತೆಯಲ್ಲಿ, 1970ರ ದಶಕದಲ್ಲಿ ಎದ್ದ ವೆಂಕಟಪ್ಪ ಚಿತ್ರಶಾಲೆ ಇದೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಅದರ ಮುಂದೆ ಆಟೋದಲ್ಲಿ ನೀವೆಷ್ಟು ಸಲ ಹಾದುಹೋಗಿದ್ದೀರೋ! ಅಲ್ಲಿ ಯಾರು ಯಾರೋ ಪ್ರದರ್ಶನ ಇಡುತ್ತಾರೆಂಬುದು ಎಲ್ಲರಿಗೂ ಗೊತ್ತು. ವೆಂಕಟಪ್ಪ ಯಾರೆಂದು ಕೇಳಿದರೆ ಯಾರೋ ಮಂತ್ರಿ ಇರಬೇಕು ಎಂದು ನನಗೆ ಉತ್ತರ ಕೊಟ್ಟವರಿದ್ದಾರೆ. 2016ರಲ್ಲಿ ಆ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಮಾತು ಬಂದಾಗ ಬೆಂಗಳೂರಿನ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಅಷ್ಟು ದಿನ ಪತ್ರಿಕೆಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಬಂತು. ಜಗಳದಿಂದಲಾದರೂ ಹೆಸರು ನೆನಪಾಯಿತಲ್ಲ ಎಂದುಕೊಂಡೆ.

ಇವರೊಬ್ಬರೇ ಅಲ್ಲ. 1919ರಲ್ಲಿಯೇ ಬೆಂಗಳೂರಿನಲ್ಲಿ ಕಲಾಮಂದಿರ ಎಂಬ ಚಿತ್ರಕಲಾ ಶಾಲೆ ತೆರೆದ ಎ. ಎನ್. ಸುಬ್ಬರಾಯರಿದ್ದರು. ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚ ಕೆಳಗಿಟ್ಟು, ಎಷ್ಟೋ ವರ್ಷಗಳ ಮೇಲೆ ಮತ್ತೆ ಕೈಗೆತ್ತಿಕೊಂಡು, ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯ (1910–1988) ಇದ್ದರು. ಒಬ್ಬೊಬ್ಬರಿಗೂ ಒಂದೊಂದು ಲೇಖನ ಬೇಕು. ಸಂಪಾದಕರು ಪುಟ ಕೊಟ್ಟರೆ ಮುಂದೆ ನೋಡೋಣ.

ನಮ್ಮ ತಿರುವನಂತಪುರದ ಕಲಾಶಾಲೆಯನ್ನೂ ಮೈಸೂರಿನ ಚಿತ್ರಶಾಲೆಯನ್ನೂ ಕೂಡಿಸುವ ಒಬ್ಬ ವ್ಯಕ್ತಿ ಇದ್ದಾರೆ, ಅವರನ್ನೂ ಮರೆತಿದ್ದೇವೆ. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಹುಟ್ಟಿ, 1915ರಲ್ಲಿ ಭಾರತಕ್ಕೆ ಬಂದು, ಇಲ್ಲಿಯೇ 1956ರಲ್ಲಿ ತೀರಿಕೊಂಡ ಕವಿ ಜೇಮ್ಸ್ ಕಸಿನ್ಸ್. 1924ರಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಆಧುನಿಕ ಭಾರತೀಯ ಚಿತ್ರಗಳನ್ನು ಆರಿಸಿ ಕೂಡಿಸಿದವರು ಅವರು. ಸುಮಾರು ಹತ್ತು ವರ್ಷದ ಮೇಲೆ ತಿರುವಾಂಕೂರಿನ ಕಲಾಸಲಹೆಗಾರರಾಗಿ ಬಂದು ಶ್ರೀ ಚಿತ್ರಾ ಕಲಾಶಾಲೆಯನ್ನು ರೂಪಿಸಿದವರೂ ಅವರೇ. ಹಾಗಾಗಿ ನೀವು ಈ ಕಟ್ಟಡದೊಳಗೆ ಕಾಲಿಟ್ಟಾಗ ಪರನಾಡಿನ ವಸ್ತುಸಂಗ್ರಹಾಲಯಕ್ಕೆ ಬಂದಿದ್ದೇನೆ ಎಂದುಕೊಳ್ಳಬೇಡಿ. ಮೈಸೂರಿನಲ್ಲಿ ಮೊಳೆ ಹೊಡೆದ ಕೈಯೇ ಇಲ್ಲಿಯೂ ಹೊಡೆದಿದೆ.

“ಚಿತ್ರ ಚೆನ್ನಾಗಿದ್ದರೆ ಸಾಲದೇ ಅಂಕಲ್, ಹೆಸರು ಯಾಕೆ?” ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. 2022ರಲ್ಲಿ ಯುದ್ಧ ಆರಂಭವಾದಾಗ ಉಕ್ರೇನಿನಿಂದ ಓದು ಅರ್ಧಕ್ಕೆ ಬಿಟ್ಟು ಮರಳಿದ ವೈದ್ಯಕೀಯ ವಿದ್ಯಾರ್ಥಿಗಳು ಕೇರಳದಲ್ಲಿಯೂ ಕರ್ನಾಟಕದಲ್ಲಿಯೂ ಇದ್ದಾರೆ. ಅವರಲ್ಲಿ ಯಾರಾದರೂ ನಿಮಗೆ ಪರಿಚಯವಿದ್ದರೆ ಕೀವ್ ನಗರದ ಕಲಾಸಂಗ್ರಹಾಲಯದ ಬಗ್ಗೆ ಕೇಳಿ. ಅಲ್ಲಿ 1930ರ ದಶಕದ ಕೊನೆಯಲ್ಲಿ ಒಂದು ‘ವಿಶೇಷ ನಿಧಿ’ ಇತ್ತು. ಹೆಸರು ಕೇಳಿ ಮೋಸಹೋಗಬೇಡಿ; ಅದು ಜನರ ಕಣ್ಣಿಗೆ ಬೀಳಬಾರದ ಚಿತ್ರಗಳನ್ನು ತುಂಬಿಟ್ಟ ಕೋಣೆ. ಮಿಖೈಲೊ ಬೊಯ್ಚುಕ್ ಎಂಬ ಭಿತ್ತಿಚಿತ್ರಕಾರನನ್ನು 1937ರಲ್ಲಿ ಸ್ಟಾಲಿನ್ ಸರ್ಕಾರ ಗುಂಡಿಟ್ಟು ಕೊಂದಿತು. ಅದೇ ವರ್ಷ ಕಲಾವಿದೆಯಾದ ಆತನ ಹೆಂಡತಿಯನ್ನೂ ಕೊಂದಿತು. ಗೋಡೆಗಳ ಮೇಲೆ ಆತನೂ ಶಿಷ್ಯರೂ ಬರೆದದ್ದನ್ನು ಅಳಿಸಿಹಾಕಿದರು. ಕೋಣೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಇತರರ ಚಿತ್ರಗಳು ಮಾತ್ರ ಹೇಗೋ ಉಳಿದವು. 2022ರ ನವೆಂಬರಿನಲ್ಲಿ, ಕ್ಷಿಪಣಿ ಬೀಳುತ್ತಿರುವಾಗಲೇ, ಕೀವ್‌ನಿಂದ ಲಾರಿಗಳಲ್ಲಿ ಆ ಕಾಲದ ಚಿತ್ರಗಳನ್ನು ಸಾಗಿಸಿ ಮ್ಯಾಡ್ರಿಡ್‌ನಲ್ಲಿ ಪ್ರದರ್ಶನವಿಟ್ಟರು. ಅದೇ ವರ್ಷ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಡೆಗಾನ ‘ರಷ್ಯನ್ ನರ್ತಕಿಯರು’ ಎಂಬ ಚಿತ್ರದ ಹೆಸರನ್ನು ‘ಉಕ್ರೇನಿಯನ್ ನರ್ತಕಿಯರು’ ಎಂದು ತಿದ್ದಿತು. ಚಿತ್ರದ ಒಂದು ಗೆರೆಯೂ ಬದಲಾಗಲಿಲ್ಲ. ಬದಲಾದದ್ದು ಪಕ್ಕದ ಚೀಟಿ. ಅದಕ್ಕಾಗಿ ಅಲ್ಲಿಯ ಜನ ಎಷ್ಟು ವರ್ಷ ಪತ್ರ ಬರೆದರು, ವಾದಿಸಿದರು! ನಮ್ಮ ವೆಂಕಟಪ್ಪನನ್ನು ಯಾರೂ ಕೋಣೆಯಲ್ಲಿ ಕೂಡಿಹಾಕಿಲ್ಲ. ಬಾಗಿಲು ತೆರೆದಿದೆ, ಟಿಕೆಟಿಗೆ ಹೆಚ್ಚು ಹಣವೂ ಬೇಡ. ಆದರೂ ಹೋಗುವವರಿಲ್ಲ.

ನಿಮ್ಮಿಂದ ಏನಾಗುತ್ತದೆ ಎಂದರೆ, ನಮ್ಮಿಂದ ಆಗದ್ದು ಬಹಳ ಆಗುತ್ತದೆ. ನಿಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳಂ, ಕಾಲೇಜಿನಲ್ಲಿ ಇಂಗ್ಲಿಷ್. ರಾಜರಾಜವರ್ಮನ ಬಗ್ಗೆ ಕನ್ನಡದಲ್ಲಿ, ವೆಂಕಟಪ್ಪನ ಬಗ್ಗೆ ಮಲಯಾಳಂನಲ್ಲಿ ಎರಡು ಪುಟ ಬರೆಯಬಲ್ಲವರು ನಿಮ್ಮಂಥವರೇ. ಬೆಂಗಳೂರಿನ ಪಂಡಿತರಿಗೂ ತ್ರಿಶ್ಶೂರಿನ ಪಂಡಿತರಿಗೂ ಅದು ಸುಲಭವಲ್ಲ. ಇನ್ನು ಮನೆಯ ಹಳೆಯ ಚಿತ್ರಗಳಿವೆ. ಅಜ್ಜನ ಭಾವಚಿತ್ರವನ್ನು ಊರಿನ ಡ್ರಾಯಿಂಗ್ ಮೇಷ್ಟ್ರು ಬರೆದುಕೊಟ್ಟದ್ದು ಅನೇಕ ಮನೆಗಳಲ್ಲಿ ಉಂಟು. ಮನೆ ಮಾರುವಾಗ ಅವೇ ಮೊದಲು ಗುಜರಿಗೆ ಹೋಗುವುದು. ಕಟ್ಟು ಬಿಚ್ಚಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮೂಲೆಯಲ್ಲಿ ಸಹಿ ಇದೆಯೇ, ಹಿಂಬದಿಯಲ್ಲಿ ಊರು, ವರ್ಷ ಬರೆದಿದೆಯೇ ನೋಡಿ, ಮುಂದೂ ಹಿಂದೂ ಒಂದೊಂದು ಫೋಟೋ ತೆಗೆದಿಡಿ. ಮೇಷ್ಟ್ರ ಹೆಸರನ್ನು ಅಜ್ಜಿಯ ಬಾಯಿಂದ ಕೇಳಿ ಬರೆದುಕೊಳ್ಳಿ. ಈ ಕೆಲಸ ಮುಂದಿನ ವರ್ಷಕ್ಕೆ ಎಂದರೆ ಆಗದು, ಅಜ್ಜಿಯಂದಿರು ಕಾಯುವುದಿಲ್ಲ.

ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮ್ಯೂಸಿಯಂ ಗೇಟಿನ ಬಳಿ ನಾನಿರುತ್ತೇನೆ. ಉಳ್ಳೂರಿನವರು ಒಟ್ಟಿಗೇ ಬಸ್ಸಿನಲ್ಲಿ ಬನ್ನಿ. ರವಿವರ್ಮನಿಗೆ ಕೈಮುಗಿದು, ಅವನನ್ನು ಬಿಟ್ಟು ಉಳಿದವರನ್ನು ಮಾತ್ರ ನೋಡುವುದು ಎಂದು ನಿಯಮ. ಒಂದು ನೋಟುಬುಕ್ಕು, ಪೆನ್ಸಿಲ್ ತನ್ನಿ. ತಿಂಡಿಯ ಏರ್ಪಾಡು ಮಹಿಳಾ ವಿಭಾಗದವರು ಒಪ್ಪಿಕೊಂಡಿದ್ದಾರೆ.

ಆ ರಸಪ್ರಶ್ನೆಯ ಅಂಕಗಳ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿದೆ. ಮೊನ್ನೆ ತೆಗೆದು ನೋಡಿದೆ. ಅವಳ ತಂಡ ಸೋತದ್ದು ಐದೇ ಅಂಕದಿಂದ. ಆ ಪ್ರಶ್ನೆಗೆ ಹತ್ತು ಅಂಕವಿತ್ತು. ಸೊನ್ನೆಯನ್ನು ಹೊಡೆದುಹಾಕಿ ಹತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದ್ದೇನೆ. ಆಕೆ ಈಗ ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಆಕೆಯ ಕೈಗೆ ಸಿಕ್ಕಿದರೆ, ಬಹುಮಾನದ ಸ್ಟೀಲ್ ಡಬ್ಬಿ ಅಂದು ಗೆದ್ದವರ ಹತ್ತಿರವೇ ಇರಲಿ ಎಂದು ಬೇಡುತ್ತೇನೆ. ಅವರು ನನ್ನ ಭಾವಮೈದುನನ ಮಕ್ಕಳು. ಹೊಸದೊಂದು ತೆಗೆದಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಲಿ.